ತೇರ್ಸಿನ ಹೊತ್ತಿಗೆ ಜಗಳವಾಗದಂತೆ: ಪ್ರೊಟೆಸ್ಟೆಂಟ್ ಸೊಸೆಯೊಬ್ಬಳ ಕೈಪಿಡಿ

ಮನೆಯ ಒಂದು ಗೋಡೆಯಲ್ಲಿ ಮರಿಯಮ್ಮನ ಚಿತ್ರ, ಎದುರಿನ ಗೋಡೆಯಲ್ಲಿ ಬರೀ ಬೈಬಲ್ ವಚನದ ಕ್ಯಾಲೆಂಡರು ಇರುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಅಂದರೆ ಕೆಥೊಲಿಕ್–ಪ್ರೊಟೆಸ್ಟೆಂಟ್ ಮದುವೆಯಾದವರಿಗೆ, ಆಗಬೇಕೆಂದಿರುವವರಿಗೆ, ಅಂಥವರ ಅಪ್ಪ ಅಮ್ಮಂದಿರಿಗೆ. ಸಂತರನ್ನು ಬೇಡುವುದು ಸರಿಯೋ, ನೇರವಾಗಿ ದೇವರನ್ನೇ ಬೇಡುವುದು ಸರಿಯೋ ಎಂದು ನಾನಿಲ್ಲಿ ತೀರ್ಪು ಕೊಡುವುದಿಲ್ಲ. ನನ್ನದೊಂದು ಅಭಿಪ್ರಾಯ ಉಂಟು, ಅದನ್ನು ಮುಚ್ಚಿಡುವುದೂ ಇಲ್ಲ. ರಾತ್ರಿ ಎಂಟಕ್ಕೆ ಪ್ರಾರ್ಥನೆಗೆ ಕೂತವರು ಎಂಟೂವರೆಗೆ ಪರಸ್ಪರ ಮಾತಾಡಿಕೊಂಡೇ ಊಟಕ್ಕೆ ಏಳುವುದು ಹೇಗೆ, ಇಲ್ಲಿ ಹೇಳುವುದು ಅಷ್ಟೇ.

ನಾನು ಮಂಗಳೂರಿನ ತುಳು ಪ್ರೊಟೆಸ್ಟೆಂಟ್ ಮನೆಯವಳು, ಈಗಿನ ಲೆಕ್ಕದಲ್ಲಿ ಚರ್ಚ್ ಆಫ್ ಸೌತ್ ಇಂಡಿಯಾ, ಅಂದರೆ ಸಿಎಸ್‌ಐ. 1834ರಲ್ಲಿ ಸ್ವಿಟ್ಜರ್ಲೆಂಡಿನಿಂದ ಈ ಊರಿಗೆ ಬಂದ ಬಾಸೆಲ್ ಮಿಶನ್‌ನವರ ಕೈಯಲ್ಲಿ ದೀಕ್ಷಾಸ್ನಾನವಾದ ಮನೆತನ. ಅಜ್ಜ ಅವರದೇ ಹಂಚಿನ ಕಾರ್ಖಾನೆಯಲ್ಲಿ ದುಡಿದವರು. ನನ್ನ ಗಂಡ ಕೊಂಕಣಿ ಕೆಥೊಲಿಕರು. ನಾನು ಹೈಸ್ಕೂಲಿನಲ್ಲಿ ಕನ್ನಡ ಪಾಠ ಮಾಡುತ್ತೇನೆ. ಕೊಂಕಣಿಯಲ್ಲಿ ಅತ್ತೆಗೆ ಮಾಂಯ್ ಅನ್ನುತ್ತಾರೆ, ಮರಿಯಮ್ಮನಿಗೂ ಮಾಂಯ್ ಅನ್ನುತ್ತಾರೆ. ಮದುವೆಯಾದ ಹೊಸತರಲ್ಲಿ "ಮಾಂಯ್‌ಗೆ ಬೇಸರವಾಗುತ್ತದೆ" ಎಂದು ಇವರು ಹೇಳಿದರೆ ಯಾವ ಮಾಂಯ್ ಎಂದು ಕೇಳಬೇಕಾಗುತ್ತಿತ್ತು.

ಮದುವೆಗೆ ಮೊದಲು

ಕೆಥೊಲಿಕ್ ಕಡೆಯವರು ಮಿಶ್ರ ವಿವಾಹಕ್ಕೆ ಬಿಷಪರ ಅನುಮತಿ ಪಡೆಯಬೇಕು. ಅದಕ್ಕಾಗಿ ಅವರು ತಮ್ಮ ವಿಶ್ವಾಸ ಬಿಡುವುದಿಲ್ಲ, ಮಕ್ಕಳನ್ನು ಕೆಥೊಲಿಕರಾಗಿ ಬೆಳೆಸಲು ಕೈಲಾದದ್ದೆಲ್ಲ ಮಾಡುತ್ತೇವೆ ಎಂದು ಮಾತು ಕೊಡಬೇಕು. 1970ರಿಂದ ಈಚೆಗೆ ಇನ್ನೊಂದು ಕಡೆಯವರು ಅಂಥ ಮಾತನ್ನೇನೂ ಕೊಡಬೇಕಾಗಿಲ್ಲ. ತಮ್ಮ ಜೋಡಿ ಏನು ಮಾತು ಕೊಟ್ಟಿದ್ದಾರೆಂದು ಅವರಿಗೆ ತಿಳಿದಿದ್ದರೆ ಸಾಕು. ಈ ಒಂದು ವ್ಯತ್ಯಾಸ ಗೊತ್ತಿಲ್ಲದೆ ನನ್ನ ಅಣ್ಣ ಎರಡು ತಿಂಗಳು "ನೀನು ಸಹಿ ಹಾಕಿ ಮಾರಿಕೊಂಡೆ" ಎಂದು ಕೂಗಾಡಿದ. ಕಾಗದ ತರಿಸಿ ಓದಿ. ಓದದೆ ಆಡುವ ಜಗಳವೇ ಹೆಚ್ಚು.

ಕೇಳಿಕೊಳ್ಳಬೇಕಾದ ಇನ್ನೊಂದು ಪ್ರಶ್ನೆ ಉಂಟು, ಅದು ಯಾವ ಕಾಗದದಲ್ಲೂ ಇಲ್ಲ: ಮನೆಯಲ್ಲಿ ದಿನಾ ತೇರ್ಸ್ ಆಗುತ್ತದಾ? ತೇರ್ಸ್ ಅಂದರೆ ಜಪಮಾಲೆ, ರೋಸರಿ; ಮಣಿ ಎಣಿಸುತ್ತ ಹೇಳುವ ಪ್ರಾರ್ಥನೆ. ಆಗುತ್ತದೆ ಎಂದರೆ ನೀವು ಎಲ್ಲಿ ಕೂರುತ್ತೀರಿ ಎಂದು ಮೊದಲೇ ಮಾತಾಡಿಕೊಳ್ಳಿ. ನಾನು ಮಾತಾಡಿಕೊಂಡಿರಲಿಲ್ಲ.

ಮೊದಲ ರಾತ್ರಿ ಎಲ್ಲರೂ ಆಲ್ತಾರಿನ, ಅಂದರೆ ಮನೆಯ ಪ್ರಾರ್ಥನಾ ಪೀಠದ ಮುಂದೆ ಮೊಣಕಾಲೂರಿದರು. ಹಿಂದಿನ ಭಾನುವಾರವಷ್ಟೇ ನಮ್ಮ ಸಭೆಯ ಹಿರಿಯರೊಬ್ಬರು "ವಿಗ್ರಹದ ಮನೆಗೆ ಹೋಗುತ್ತಿದ್ದೀ, ಜಾಗ್ರತೆ" ಎಂದಿದ್ದರು. ಅದು ಕಿವಿಯಲ್ಲೇ ಇತ್ತು. ನಾನು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೈಕಟ್ಟಿ ನೆಟ್ಟಗೆ ಕೂತೆ, ಸಾಕ್ಷಿ ಹೇಳುವವಳ ಹಾಗೆ. ಮಾವ ನಡುವೆ ಒಮ್ಮೆ ತಿರುಗಿ ನೋಡಿದರು. ತೇರ್ಸ್ ಮುಗಿದ ಮೇಲೆ ಕಿರಿಯರೆಲ್ಲ ಹಿರಿಯರ ಹತ್ತಿರ ಹೋಗಿ "ಬೆಸಾಂವ್" ಕೇಳುವ ಪದ್ಧತಿ, ಅಂದರೆ ಆಶೀರ್ವಾದ. ನಾನು ಏಳಲಿಲ್ಲ. ಮಾಂಯ್ ತಾವೇ ಎದ್ದು ಬಂದು ನನ್ನ ಹಣೆಯ ಮೇಲೆ ಹೆಬ್ಬೆರಳಿನಿಂದ ಶಿಲುಬೆ ಎಳೆದು, "ಮೀನು ಬಿಸಿ ಮಾಡ್ತೇನೆ, ಬಾ" ಅಂದರು. ಜಗಳಕ್ಕೆ ತಯಾರಾಗಿ ಕೂತವಳಿಗೆ ಇದಕ್ಕಿಂತ ದೊಡ್ಡ ಸೋಲಿಲ್ಲ.

ಕ್ರಿಯಾಪದ ಕೇಳಿ

ಜಗಳ ಹುಟ್ಟುವುದು "ಪ್ರಾರ್ಥನೆ" ಎಂಬ ಒಂದೇ ಪದದಲ್ಲಿ. ನಮ್ಮ ಸಭೆಯಲ್ಲಿ ಆ ಪದಕ್ಕೆ ದೇವರೊಬ್ಬನೇ ವಾರಸುದಾರ. ಸಂತನಿಗೆ ಪ್ರಾರ್ಥಿಸುತ್ತಾರೆ ಎಂದರೆ ದೇವರ ಜಾಗದಲ್ಲಿ ಸಂತನನ್ನು ಕೂರಿಸಿದ್ದಾರೆ ಎಂದೇ ನಮ್ಮ ಕಿವಿಗೆ ಕೇಳುತ್ತದೆ. ಆದರೆ ನನ್ನದೇ ಮದುವೆಯ ಕಾಗದದಲ್ಲಿ, ನನ್ನದೇ ಅಪ್ಪ, "ತಾವು ಸಕುಟುಂಬ ಆಗಮಿಸಿ ವಧೂವರರನ್ನು ಆಶೀರ್ವದಿಸಬೇಕಾಗಿ ಪ್ರಾರ್ಥನೆ" ಎಂದು ಅಚ್ಚು ಹಾಕಿಸಿದ್ದರು. ಮುನ್ನೂರು ಜನರಿಗೆ ಪ್ರಾರ್ಥನೆ ಹೋಗಿತ್ತು. ಅದರಲ್ಲಿ ಗ್ಯಾಸ್ ಏಜೆನ್ಸಿಯವರೂ ಇದ್ದರು. ಕನ್ನಡದಲ್ಲಿ ಪ್ರಾರ್ಥಿಸು ಎಂದರೆ ಮೂಲತಃ ಬೇಡು, ಕೇಳಿಕೊ ಎಂದರ್ಥ.

ಆದ್ದರಿಂದ ನಾಮಪದ ಬಿಟ್ಟು ಕ್ರಿಯಾಪದ ಹಿಡಿಯಿರಿ. ತೇರ್ಸಿನ ಕೊನೆಗೆ ಲದಿನ್ ಹೇಳುತ್ತಾರೆ, ಉದ್ದದ ಪ್ರಾರ್ಥನಾಮಾಲೆ. ಅಲ್ಲಿ ತಂದೆ, ಮಗ, ಪವಿತ್ರಾತ್ಮರ ಹೆಸರು ಬಂದಾಗ ಉತ್ತರ "ನಮಗೆ ದಯೆತೋರಿ" ಎಂದು. ಮರಿಯಮ್ಮನ ಹೆಸರುಗಳು ಶುರುವಾದ ಕೂಡಲೇ ಉತ್ತರ "ನಮಗಾಗಿ ಪ್ರಾರ್ಥಿಸಿ" ಎಂದು ಬದಲಾಗುತ್ತದೆ. ಭಾಷೆ ಯಾವುದಿದ್ದರೂ ಈ ತಿರುವು ಇದ್ದೇ ಇರುತ್ತದೆ. ಕೆಥೊಲಿಕರ ಇಡೀ ವಾದ ಆ ಒಂದು ತಿರುವಿನಲ್ಲಿದೆ: ದೇವರ ಹತ್ತಿರ ಕೊಡು ಎನ್ನುತ್ತಾರೆ, ಸಂತರ ಹತ್ತಿರ ನಮ್ಮ ಪರವಾಗಿ ಕೇಳು ಎನ್ನುತ್ತಾರೆ. 787ರಲ್ಲಿ ಬಿಷಪರು ಸೇರಿದ್ದ ಎರಡನೆಯ ನೈಸಿಯಾ ಮಹಾಸಭೆ ಆರಾಧನೆ ಬೇರೆ, ಗೌರವ ಬೇರೆ ಎಂದು ಎಳೆದ ಗೆರೆಯೂ ಇದೇ ಜಾತಿಯದು.

ಈಗ ನಮ್ಮವರ ಪರವಾಗಿ ಒಂದು ಮಾತು. ಬಾಯಿಯಲ್ಲಿ "ನಮಗಾಗಿ ಪ್ರಾರ್ಥಿಸಿ" ಎಂದಿದ್ದರೂ ಮನಸ್ಸಿನಲ್ಲಿ "ಸಂತ ಅಂತೋನಿಯೇ, ನೀನೇ ಕೊಡು" ಎಂದಿರುವವರು ಬೇಕಾದಷ್ಟು ಜನ ಉಂಟು. ಇದು ನಾನು ಹೇಳುವುದಲ್ಲ, ಮಾಂಯ್ ತಮ್ಮ ನೆರೆಯವರ ಬಗ್ಗೆ ಹೇಳುವುದು.

ನನಗೆ ಸಿಕ್ಕಿದ ಜಾಗ

"ನಮೋ ಮರಿಯಾ" ಪ್ರಾರ್ಥನೆಗೆ ಎರಡು ಭಾಗ. ಮೊದಲ ಭಾಗ ಪೂರ್ತಿ ಲೂಕನ ಸುವಾರ್ತೆಯ ಒಂದನೆಯ ಅಧ್ಯಾಯದಿಂದ ಬಂದದ್ದು: 28ನೆಯ ವಚನದಲ್ಲಿ ದೇವದೂತ ಗಬ್ರಿಯೇಲನ ವಂದನೆ, 42ರಲ್ಲಿ ಎಲಿಸಬೇತಳು ಹೇಳುವ ಆಶೀರ್ವಾದ. ಮೊದಲಿಗೆ ಮರಿಯಳ ಹೆಸರು, ಕೊನೆಗೆ ಯೇಸುವಿನ ಹೆಸರು ಸೇರಿಸಿದ್ದಾರೆ, ಅಷ್ಟೆ. "ಸಂತ ಮರಿಯಾ, ದೇವರ ತಾಯಿ, ಪಾಪಿಗಳಾದ ನಮಗಾಗಿ ಪ್ರಾರ್ಥಿಸಿ" ಎಂಬ ಎರಡನೆಯ ಭಾಗ ನಿಧಾನಕ್ಕೆ ಬೆಳೆದು, 1568ರ ರೋಮನ್ ಪ್ರಾರ್ಥನಾ ಪುಸ್ತಕದಲ್ಲಿ ಈಗಿನ ರೂಪಕ್ಕೆ ಬಂತು. ನನ್ನ ತಕರಾರು ಇದ್ದದ್ದು ಎರಡನೆಯ ಭಾಗಕ್ಕೆ ಮಾತ್ರ. ಮೊದಲನೆಯದು ನಮ್ಮ ಬೈಬಲಿನಲ್ಲೂ ಇದೆಯಲ್ಲ!

ಇದನ್ನು ನಾನು ಕುರ್ಚಿಯಲ್ಲಿ ಕೂತು ಮೂರು ವಾರ ಯೋಚಿಸಿ ಮಾಂಯ್‌ಗೆ ಹೇಳಿದೆ. ಅವರು ಬೀನ್ಸ್ ಮುರಿಯುತ್ತಿದ್ದರು. "ಹಾಗಾದ್ರೆ ನೀನೇ ಹೇಳಿಕೊಡು ಮಾರಾಯ್ತಿ" ಅಂದರು. ನನಗೆ ಅರ್ಥವಾಗಲಿಲ್ಲ. ಅವರು ಬಿಡಿಸಿ ಹೇಳಿದರು: ತೇರ್ಸಿನಲ್ಲಿ ಮುಂದಾಳು ಹೇಳುವುದು ಮೊದಲ ಭಾಗ, ಎರಡನೆಯದು ಉಳಿದವರ ಉತ್ತರ. ಹೇಳಿಕೊಡುವವಳಾದರೆ ಎರಡನೆಯ ಭಾಗಕ್ಕೆ ನಾನು ಬಾಯಿಯೇ ತೆರೆಯಬೇಕಾಗಿಲ್ಲ.

ಮನೆಯಲ್ಲಿ ತೇರ್ಸನ್ನು ಒಪ್ಪದ ಒಬ್ಬಳೇ ಒಬ್ಬಳು ತೇರ್ಸ್ ನಡೆಸುವವಳಾದದ್ದು ಹೀಗೆ. ನನಗೆ ಕೊಂಕಣಿ ತಿರುಗದ್ದರಿಂದ ವಾರಕ್ಕೆರಡು ದಿನ ಕನ್ನಡದಲ್ಲಿ. ಒಂದು ಹತ್ತು ಮಣಿ ನನ್ನದು: ನಾನು ಗಬ್ರಿಯೇಲ, ನಾನೇ ಎಲಿಸಬೇತ, ಹತ್ತು ಸಲ. ಬೇಡಿಕೆ ಅವರದು. ನನ್ನ ಅಮ್ಮನಿಗೆ ಇದು ಮೂರು ವರ್ಷದ ನಂತರ ಗೊತ್ತಾಯಿತು. ಬೈಬಲ್ ತೆಗೆದು ಲೂಕ 1 ಓದಿ, ಕನ್ನಡಕ ತೆಗೆದಿಟ್ಟು, "ವಚನವೇನೋ ಹೌದು" ಎಂದಷ್ಟೇ ಹೇಳಿದರು.

ಕೆಥೊಲಿಕ್ ಓದುಗರೇ, ನಿಮಗೂ ಇಂಥದೊಂದು ಉಪಾಯ ಬೇಕು. ಪ್ರೊಟೆಸ್ಟೆಂಟ್ ಮನೆಯಲ್ಲಿ ಕುಟುಂಬ ಪ್ರಾರ್ಥನೆ ಎಂದರೆ ಒಂದು ಕೀರ್ತನೆ, ಒಂದು ವಾಚನ, ಆಮೇಲೆ ಒಬ್ಬೊಬ್ಬರಾಗಿ ಮನಸ್ಸಿಗೆ ಬಂದದ್ದನ್ನು ಗಟ್ಟಿಯಾಗಿ ದೇವರಿಗೆ ಹೇಳುವುದು. ಬರೆದಿಟ್ಟದ್ದು ಏನೂ ಇರುವುದಿಲ್ಲ. ನನ್ನ ಗಂಡನಿಗೆ ಅದು ಮೊದಲ ಸಲ ಬಂದಾಗ ಬೆವರು ಕಿತ್ತುಕೊಂಡಿತು. "ಸ್ವಾಮೀ… ಎಲ್ಲರನ್ನೂ… ಹೌದು… ಆಮೆನ್" ಎಂದು ಮುಗಿಸಿದರು. ಮುಂಚೆಯೇ ಎರಡು ಸಾಲು ಯೋಚಿಸಿಟ್ಟುಕೊಳ್ಳಿ: ಒಂದು ಕೃತಜ್ಞತೆ, ಒಂದು ಬೇಡಿಕೆ. ಸಾಕು.

"ಪರಲೋಕದಲ್ಲಿರುವ" ಎಂದರೂ ಎಡವುತ್ತೀರಿ

ಎಲ್ಲರಿಗೂ ಒಪ್ಪಿತವಾದ ಕರ್ತನ ಪ್ರಾರ್ಥನೆಯನ್ನಾದರೂ ಕೂಡಿ ಹೇಳೋಣ ಎಂದು ಹೊರಟರೆ ಮೊದಲ ಪದದಲ್ಲೇ ಡಿಕ್ಕಿ. ನಾವು "ಪರಲೋಕದಲ್ಲಿರುವ" ಎನ್ನುತ್ತೇವೆ, ಅವರು "ಸ್ವರ್ಗದಲ್ಲಿರುವ" ಎನ್ನುತ್ತಾರೆ. ನಾವು ದೇವರಿಗೆ "ನಿನ್ನ ನಾಮ", ಅವರು "ನಿಮ್ಮ ನಾಮ". ಕೊನೆಯಲ್ಲಿ ಕೇಡಿನಿಂದ ತಪ್ಪಿಸು ಎಂದು ಅವರು ನಿಲ್ಲಿಸಿದ ಮೇಲೂ ನಾವು "ರಾಜ್ಯವೂ ಬಲವೂ ಮಹಿಮೆಯೂ" ಎಂದು ಗಾಡಿ ಮುಂದೆ ಓಡಿಸುತ್ತೇವೆ. ನಿಶ್ಶಬ್ದವಾದ ಕೋಣೆಯಲ್ಲಿ ಒಬ್ಬಳದೇ ದನಿ ಉಳಿದಾಗ ಆಗುವ ಮುಜುಗರ ನನ್ನನ್ನು ಕೇಳಿ. ಒಂದು ಪಠ್ಯ ಆರಿಸಿ, ಕೈಯಲ್ಲಿ ಬರೆದು ಗೋಡೆಗೆ ಅಂಟಿಸಿ. ನಮ್ಮಲ್ಲಿ ಅವರ ಪಠ್ಯ, ನಮ್ಮ ಕೊನೆ.

ಈ ನೀನು–ನೀವು ಸಣ್ಣ ಸಂಗತಿಯಲ್ಲ ಎಂದು ಕನ್ನಡ ಮೇಷ್ಟ್ರಗಿರಿಯ ನನ್ನ ತಲೆಗೆ ಅನಿಸುತ್ತದೆ. ದೇವರಿಗೆ ನೀನು ಎಂದು ಬೆಳೆದವಳಿಗೆ ನಡುವೆ ಇನ್ನೊಬ್ಬರು ಯಾಕೆ ಎಂದು ತೋಚುವುದು ಸಹಜ. ನೀವು ಎಂದು ಬೆಳೆದವರಿಗೆ ದೊಡ್ಡವರ ಮನೆಗೆ ಪರಿಚಯದವರೊಬ್ಬರನ್ನು ಜೊತೆಗೆ ಕರೆದುಕೊಂಡು ಹೋಗುವುದೂ ಸಹಜ. ಇದು ದೇವಶಾಸ್ತ್ರ ಅಲ್ಲ, ನನ್ನ ಊಹೆ.

ವಚನ ಎಸೆಯುವ ಮುನ್ನ

ಎಸೆಯುವುದೇ ಆದರೆ ಎದುರಿನಿಂದ ಯಾವುದು ಬರುತ್ತದೆ ಎಂದು ತಿಳಿದಿರಲಿ. ನಮ್ಮವರ ಕೈಗೆ ಮೊದಲು ಸಿಗುವುದು 1 ತಿಮೊಥೆಯ 2:5, ದೇವರಿಗೂ ಮನುಷ್ಯರಿಗೂ ಮಧ್ಯಸ್ಥನು ಒಬ್ಬನೇ, ಅವನು ಕ್ರಿಸ್ತ ಯೇಸು. ಬಲವಾದ ವಚನ. ಆದರೆ ಅದೇ ಅಧ್ಯಾಯದ ಮೊದಲ ವಚನದಲ್ಲೇ ಪೌಲನು ಎಲ್ಲರಿಗಾಗಿ ವಿಜ್ಞಾಪನೆ ಮಾಡಿರಿ ಎನ್ನುತ್ತಾನೆ. ಒಬ್ಬರು ಇನ್ನೊಬ್ಬರಿಗಾಗಿ ಬೇಡಿದರೆ ಮಧ್ಯಸ್ಥನ ಸ್ಥಾನ ಕಸಿದಂತೆ ಆಗುವುದಿಲ್ಲವಲ್ಲ ಎಂದು ಅವರು ಕೇಳುತ್ತಾರೆ. ನಮ್ಮ ಸಭೆಯ ವಾಟ್ಸಾಪ್ ಗುಂಪಿನಲ್ಲಿ ದಿನಾ ಬೆಳಿಗ್ಗೆ "ಪ್ರಾರ್ಥಿಸಿ" ಎಂದು ಹತ್ತು ಕೋರಿಕೆ ಬೀಳುವುದನ್ನು ಇವರು ನೋಡಿದ್ದಾರೆ.

ಆಗ ನಾವು ನಿಜವಾದ ಪ್ರಶ್ನೆಗೆ ಬರುತ್ತೇವೆ: ಬದುಕಿರುವವರನ್ನು ಕೇಳುವುದು ಸರಿ, ತೀರಿಹೋದವರಿಗೆ ನಮ್ಮ ಮಾತು ಕೇಳಿಸುತ್ತದಾ? ಅವರು ಪ್ರಕಟನೆ 5:8 ತೆಗೆಯುತ್ತಾರೆ, ಹಿರಿಯರ ಕೈಯಲ್ಲಿ ಧೂಪ ತುಂಬಿದ ಚಿನ್ನದ ಪಾತ್ರೆಗಳು, ಆ ಧೂಪವೇ ದೇವಜನರ ಪ್ರಾರ್ಥನೆಗಳು. ನಾವು ಅದೇ ಪುಸ್ತಕದ 22ನೆಯ ಅಧ್ಯಾಯಕ್ಕೆ ಹೋಗುತ್ತೇವೆ, ಯೋಹಾನ ಅಡ್ಡಬಿದ್ದಾಗ ದೇವದೂತ ಬೇಡ, ದೇವರಿಗೇ ನಮಸ್ಕಾರ ಮಾಡು ಎನ್ನುವಲ್ಲಿಗೆ. ಇದು ಮುಗಿಯುವುದಿಲ್ಲ. ಕೆಥೊಲಿಕರಿಗೆ ಒಂದು ಕಿವಿಮಾತು: 2 ಮಕ್ಕಬಿಯರ 15ನೆಯ ಅಧ್ಯಾಯದಲ್ಲಿ ತೀರಿಹೋದ ಪ್ರವಾದಿ ಯೆರೆಮೀಯ ಜನರಿಗಾಗಿ ಪ್ರಾರ್ಥಿಸುವ ದರ್ಶನ ಉಂಟು, ಆದರೆ ಅದನ್ನು ನಮ್ಮ ಮನೆಯಲ್ಲಿ ತೆಗೆಯಬೇಡಿ. ಆ ಪುಸ್ತಕವೇ ನಮ್ಮ ಬೈಬಲಿನಲ್ಲಿ ಇಲ್ಲ. ಪ್ರೊಟೆಸ್ಟೆಂಟರಿಗೆ ಕಿವಿಮಾತು: ಧರ್ಮೋಪದೇಶಕಾಂಡ 18ರಲ್ಲಿ ಸತ್ತವರನ್ನು ವಿಚಾರಿಸಬೇಡಿ ಎಂದಿರುವುದನ್ನು ಅತ್ತೆಯ ಮುಖಕ್ಕೆ ಓದಬೇಡಿ. ಅದು ಭವಿಷ್ಯ ಕೇಳುವ ಮಾಟಗಾರಿಕೆಯ ಪಟ್ಟಿಯಲ್ಲಿ ಬರುತ್ತದೆ. ತೇರ್ಸ್ ಹೇಳುವ ಮುದುಕಿಯನ್ನು ಮಾಟಗಾತಿ ಎಂದಂತಾಗುತ್ತದೆ. ನಾನು ಓದಿದ್ದೇನೆ. ಎಂಟು ದಿನ ಮನೆಯಲ್ಲಿ ಪಾತ್ರೆಯ ಸದ್ದು ಬಿಟ್ಟರೆ ಬೇರೆ ಸದ್ದಿರಲಿಲ್ಲ.

ವಚನಕ್ಕಿಂತ ಹೆಚ್ಚು ಉಪಯೋಗಕ್ಕೆ ಬಂದದ್ದು ಹಳೆಯ ಎರಡು ನಿರ್ಣಯಗಳು. ಪ್ರೊಟೆಸ್ಟೆಂಟ್ ಸುಧಾರಣೆ ಶುರುಮಾಡಿದ ಲೂಥರ್ ಕಡೆಯವರ 1530ರ ಆಗ್ಸ್‌ಬರ್ಗ್ ವಿಶ್ವಾಸ ಪ್ರಕಟಣೆ 21ನೆಯ ಕಲಮಿನಲ್ಲಿ, ಸಂತರನ್ನು ನೆನೆಯಬಹುದು, ಅವರ ನಂಬಿಕೆಯನ್ನೂ ನಡತೆಯನ್ನೂ ಅನುಸರಿಸಬಹುದು, ಆದರೆ ಅವರನ್ನು ಕರೆದು ಸಹಾಯ ಬೇಡಲು ಶಾಸ್ತ್ರ ಕಲಿಸುವುದಿಲ್ಲ ಎನ್ನುತ್ತದೆ. ಎದುರಿಗೆ 1563ರ ಡಿಸೆಂಬರಿನಲ್ಲಿ ಕೆಥೊಲಿಕರ ಟ್ರೆಂಟ್ ಮಹಾಸಭೆ ಸಂತರನ್ನು ಬೇಡುವುದು ಒಳ್ಳೆಯದು, ಉಪಯುಕ್ತ ಎಂದಿತು. ಅದನ್ನು ವಿಗ್ರಹಾರಾಧನೆ ಎನ್ನುವವರನ್ನು ಖಂಡಿಸಿತು, ಹೌದು. ಆದರೆ ಪ್ರತಿಯೊಬ್ಬನೂ ದಿನಾ ಬೇಡಲೇಬೇಕು ಎನ್ನಲಿಲ್ಲ. ನಾನು ಎರಡನೆಯ ಭಾಗಕ್ಕೆ ಸುಮ್ಮನಿರುವುದಕ್ಕೆ ಮಾಂಯ್ ಟ್ರೆಂಟಿನಿಂದ ಒಪ್ಪಿಗೆ ಕೊಟ್ಟರು. ನೆನೆಯುವುದನ್ನೇ ನಾವು ಮರೆತಿದ್ದೇವಲ್ಲ ಎಂದು ನಾನು ಆಗ್ಸ್‌ಬರ್ಗ್ ಓದಿ ನಾಚಿದೆ. ಸೆಪ್ಟೆಂಬರ್ 8ರ ಮೊಂತಿ ಫೆಸ್ತಿಗೆ, ಅಂದರೆ ಮರಿಯಮ್ಮನ ಹುಟ್ಟುಹಬ್ಬಕ್ಕೆ, ಒಂಬತ್ತು ದಿನ ಮಗಳ ಹೂಬುಟ್ಟಿಗೆ ಹೂ ಕೊಯ್ದು ತುಂಬಿಸುವುದು ಈಗ ನನ್ನದೇ ಕೆಲಸ. ಹುಟ್ಟುಹಬ್ಬಕ್ಕೆ ಹೂ ಕೊಡುವುದಕ್ಕೆ ನನ್ನದೇನು ತಕರಾರು? ಅಂದಿನ ಹೊಸ ತೆನೆಯ ಊಟದಲ್ಲಿ ಎಲೆಗೆ ಬೀಳುವ ಪಲ್ಯಗಳ ಲೆಕ್ಕ ಬೆಸವಾಗಿಯೇ ಇರಬೇಕು ಎಂಬುದಕ್ಕೆ ಮಾತ್ರ ನನಗೆ ಇನ್ನೂ ವಚನ ಸಿಕ್ಕಿಲ್ಲ.

ಅಂದ ಹಾಗೆ, 1505ರ ಜುಲೈಯಲ್ಲಿ ಹತ್ತಿರದಲ್ಲೇ ಸಿಡಿಲು ಬಡಿದು ನೆಲಕ್ಕೆ ಬಿದ್ದಾಗ ಲೂಥರ್ ಕೂಗಿದ್ದು ಮರಿಯಮ್ಮನ ತಾಯಿ ಸಂತ ಅನ್ನಮ್ಮನನ್ನು. ಕಾಪಾಡಿದರೆ ಸನ್ಯಾಸಿಯಾಗುತ್ತೇನೆ ಎಂದು ಹರಕೆ ಹೊತ್ತ. ಇದನ್ನು ಮಾಂಯ್‌ಗೆ ಹೇಳಿ ತಪ್ಪು ಮಾಡಿದೆ. ಈಗ ಗುಡುಗಿದಾಗಲೆಲ್ಲ ನನ್ನ ಮುಖ ನೋಡುತ್ತಾರೆ.

ವಶೀಲಿಯ ಮಾತು ಬೇಡ

ಕೆಥೊಲಿಕರು ದಯವಿಟ್ಟು ಇದನ್ನು ಬಿಡಬೇಕು: "ತಹಸೀಲ್ದಾರರ ಹತ್ತಿರ ಕೆಲಸ ಆಗಬೇಕಾದರೆ ಗುಮಾಸ್ತರನ್ನು ಹಿಡಿಯುವುದಿಲ್ಲವಾ, ಹಾಗೆಯೇ ಸಂತರು." ನಾನು ಕೇಳಿದ ಅತ್ಯಂತ ಕೆಟ್ಟ ಸಮರ್ಥನೆ ಇದು. ತಾಲೂಕು ಕಚೇರಿಯಲ್ಲಿ ಗುಮಾಸ್ತರನ್ನು ಹಿಡಿಯುವುದು ತಹಸೀಲ್ದಾರರು ನಮ್ಮನ್ನು ನೋಡುವುದಿಲ್ಲ ಎಂದೇ. ದೇವರನ್ನು ಅಲ್ಲಿಗೆ ಇಳಿಸಿದರೆ ಪ್ರೊಟೆಸ್ಟೆಂಟನ ವಾದವನ್ನು ನೀವೇ ಗೆಲ್ಲಿಸಿಕೊಟ್ಟಿರಿ. ಬೈಬಲಿನ ಕಾನಾ ಊರಿನ ಮದುವೆಯಲ್ಲಿ ಮರಿಯಳು "ಅವರಲ್ಲಿ ದ್ರಾಕ್ಷಾರಸವಿಲ್ಲ" ಎಂದು ಮಗನಿಗೆ ಹೇಳಿ, ಆಳುಗಳಿಗೆ "ಅವನು ಹೇಳಿದ್ದನ್ನು ಮಾಡಿರಿ" ಎಂದಳು. ಬೇಕಾದರೆ ಅದನ್ನು ಹೇಳಿ.

ಹರಕೆಯ ವಿಷಯದಲ್ಲಿ ಮಾತ್ರ ಎರಡೂ ಕಡೆಯವರು ಬಾಯಿ ಮುಚ್ಚಿಕೊಳ್ಳುವುದು ಮೇಲು. ಜನವರಿಯಲ್ಲಿ ಕಾರ್ಕಳದ ಅತ್ತೂರಿಗೆ ಸಂತ ಲಾರೆನ್ಸರ ಜಾತ್ರೆಗೆ ಹೋಗುತ್ತೇವೆ. ಅಲ್ಲಿ ಮೊಂಬತ್ತಿ ಹಿಡಿದು ಸಾಲಿನಲ್ಲಿ ನಿಂತವರಲ್ಲಿ ಹಿಂದೂಗಳೂ ಎಷ್ಟೋ ಜನ. ನಾನು ಮೊಂಬತ್ತಿ ಹಚ್ಚುವುದಿಲ್ಲ, ಮಕ್ಕಳ ಕೈ ಹಿಡಿದು ನಿಲ್ಲುತ್ತೇನೆ. ಇದು ವ್ಯಾಪಾರ ಎಂದು ಒಮ್ಮೆ ಇವರಿಗೆ ಹೇಳಿದೆ. "ನಿನ್ನ ಅಣ್ಣ ದುಬೈ ಕೆಲಸ ಸಿಕ್ಕಿದ್ದಕ್ಕೆ ಸಭೆಗೆ ಕೃತಜ್ಞತಾ ಕಾಣಿಕೆ ಕೊಟ್ಟನಲ್ಲ, ಮೊದಲೇ ಹೇಳಿಕೊಂಡಿದ್ದನಂತೆ" ಅಂದರು.

ಮಕ್ಕಳ ಪ್ರಶ್ನೆಗೆ ತಯಾರಾಗಿರಿ. ಮಾಂಯ್ ಕಪಾಟಿನ ಬೀಗದ ಕೈ ಕಳೆದರೆ ಅಂತೋನಿಯವರನ್ನು ಕರೆಯುತ್ತಾರೆ, ನಾನು ಯೇಸುವೇ ಎನ್ನುತ್ತೇನೆ. ಸಿಕ್ಕಿದರೆ ಹುಡುಕಿಕೊಟ್ಟದ್ದು ಯಾರು ಎಂದು ಮಗ ಆರು ವರ್ಷದವನಿದ್ದಾಗ ಕೇಳಿದ. ನಾನು ಉತ್ತರ ಹುಡುಕುವಷ್ಟರಲ್ಲಿ ಮಾಂಯ್ ಹೇಳಿದರು, "ಯೇಸುವೇ ಮಗಾ. ಅಂತೋನಿ ಕೇಳಿದ್ದು ಮಾತ್ರ." ನಾನು ಅದಕ್ಕಿಂತ ಚೆನ್ನಾಗಿ ಹೇಳುತ್ತಿರಲಿಲ್ಲ.

ಹೊಸ ಸಭೆಗೆ ಸೇರಿದ ನೆಂಟರು ಬಂದು ಆಲ್ತಾರ್ ತೆಗೆಯಿರಿ ಎಂದರೆ ಚಾ ಕೊಡಿ. ಚಾ ಕುಡಿದ ಮೇಲೂ ಹೇಳಿದರೆ ಬಸ್ಸಿನ ಹೊತ್ತು ನೆನಪಿಸಿ.

ಮನೆಯಲ್ಲಿ ಸಾವಾದಾಗ

ಇಲ್ಲಿ ಯಾವ ಉಪಾಯವೂ ಪೂರ್ತಿ ನಡೆಯುವುದಿಲ್ಲ. ನಾವು ತೀರಿಹೋದವರಿಗಾಗಿ ಬೇಡುವುದಿಲ್ಲ. ಅವರ ಬಾಳಿಗಾಗಿ ದೇವರಿಗೆ ಕೃತಜ್ಞತೆ ಹೇಳುತ್ತೇವೆ, ಉಳಿದವರಿಗೆ ಸಮಾಧಾನ ಬೇಡುತ್ತೇವೆ. ಅವರು ಸತ್ತವರ ಆತ್ಮಕ್ಕಾಗಿ ಪೂಜೆ (ಕೊಂಕಣಿಯಲ್ಲಿ ಮೀಸ್) ಒಪ್ಪಿಸುತ್ತಾರೆ, ನವೆಂಬರ್ 2ರಂದು ಸಮಾಧಿಗೆ ಹೋಗುತ್ತಾರೆ. ದುಃಖದ ಹೊತ್ತಿನಲ್ಲಿ ನಮ್ಮವರಿಗೆ ಅದು "ನಿಮ್ಮ ಅಪ್ಪ ಇನ್ನೂ ದಾರಿಯಲ್ಲಿದ್ದಾರೆ" ಎಂದಂತೆ ಕೇಳುತ್ತದೆ. ನಮ್ಮ ಮೌನ ಅವರಿಗೆ "ಹೋದವರ ಗೊಡವೆ ನಮಗಿಲ್ಲ" ಎಂದಂತೆ ಕಾಣುತ್ತದೆ. ಆದ್ದರಿಂದ ಯಾರ ಸಾವಿಗೆ ಯಾವ ಕ್ರಮ ಎಂದು ಎಲ್ಲರೂ ಗಟ್ಟಿಯಿರುವಾಗಲೇ ಮಾತಾಡಿಡಿ. ಸಮಾಧಿಯ ಹತ್ತಿರ ಸತ್ತವರ ಸಭೆಯ ಕ್ರಮ ಮಾತ್ರ ನಡೆಯಲಿ. ತಮ್ಮ ಇಗರ್ಜಿಯಲ್ಲಿ ಇನ್ನೊಬ್ಬರು ಏನು ಮಾಡಿದರೂ ತಡೆಯಬೇಡಿ, ಎಳೆಯಲೂ ಬೇಡಿ.

ಅಪ್ಪ ತೀರಿಕೊಂಡಾಗ ಮಾಂಯ್ ನನ್ನನ್ನು ಕೇಳಿದರು, "ನಾನೊಂದು ಮೀಸ್ ಕೊಡ್ಲಾ? ನಿನ್ನ ಅಮ್ಮನಿಗೆ ಬೇಸರ ಆಗುದಾದ್ರೆ ಬೇಡ." ಕೊಡಿ ಎಂದೆ. ಅಮ್ಮನಿಗೂ ಹೇಳಿದೆ, ಕದ್ದು ಮಾಡುವುದು ಬೇಡವೆಂದು. ಅಮ್ಮ ಮುಖ ತಿರುಗಿಸಿದರು: ನಿನ್ನ ಅಪ್ಪನಿಗೆ ಅದರ ಅಗತ್ಯವಿಲ್ಲ, ಅವರು ಕರ್ತನ ಬಳಿ ಇದ್ದಾರೆ. ಏಳನೆಯ ದಿನ ಬೆಳಿಗ್ಗೆ ಆರೂವರೆಯ ಪೂಜೆಗೆ ನಾನು ಹಿಂದಿನ ಬೆಂಚಿನಲ್ಲಿ ಕೂತೆ. ಪಾದ್ರಿಗಳು ಚೀಟಿ ನೋಡಿ ಹೆಸರುಗಳನ್ನು ಓದಿದರು. ಅಪ್ಪನ ಹೆಸರೂ ಬಂತು, ಮನೆತನದ ಹೆಸರು ಸ್ವಲ್ಪ ತಪ್ಪಾಗಿ.

ಸಂಜೆ ಅಮ್ಮನ ಮನೆಗೆ ಹೋದಾಗ ಅವರು ಆ ಮಾತೇ ಎತ್ತಲಿಲ್ಲ. ಹೊರಡುವಾಗ ಗೇಟಿನ ತನಕ ಬಂದು ಕೇಳಿದರು, "ಅಪ್ಪನ ಹೆಸರು ಓದಿದ್ರಾ?"

ಓದಿದರು, ಮನೆತನದ ಹೆಸರು ಸರಿ ಹೇಳಲಿಲ್ಲ ಎಂದೆ.

ಅಮ್ಮ ಗೇಟಿನ ಚಿಲಕ ಹಾಕುತ್ತಾ, "ವರ್ಷಕ್ಕೆ ಕೊಡುವಾಗ ಚೀಟಿಯಲ್ಲಿ ದೊಡ್ಡದಾಗಿ ಬರೀಲಿಕ್ಕೆ ಹೇಳು ಅವರಿಗೆ" ಅಂದರು.